ಕಿವಿಯ ಮಚ್ಚೆ: ರಿಪೋರ್ಟ್‌ನಲ್ಲಿ ‘ಅಟಿಪಿಯಾ’ ಅಂತ ಬಂದರೆ ಹೆದರಬೇಕಾ?

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ. ಬಲಗಿವಿಯ ಮೇಲಂಚಿನಲ್ಲಿ ಮೆಂತ್ಯಕಾಳಿನಷ್ಟು ಒಂದು ಕಂದು ಮಚ್ಚೆ ಇತ್ತು. ಹತ್ತು ಹನ್ನೆರಡು ವರ್ಷದವಳಿದ್ದಾಗ ಬಂದದ್ದು. ನಾಲ್ಕು ತಿಂಗಳಲ್ಲಿ ಅವಳ ಮದುವೆ. ಅಜ್ಜಿಯ ಬುಗುಡಿ ಹಾಕಿಕೊಳ್ಳಬೇಕು ಅಂತ ಅವಳಿಗೆ ಆಸೆ, ಆದರೆ ಚುಚ್ಚಿಸಬೇಕಾದ ಜಾಗದಲ್ಲೇ ಈ ಮಚ್ಚೆ. ಚರ್ಮದ ಡಾಕ್ಟರು ಅದನ್ನು ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್‌ನಲ್ಲಿ ‘ಕಾಂಪೌಂಡ್ ಮೆಲನೊಸೈಟಿಕ್ ನೀವಸ್, ಆರ್ಕಿಟೆಕ್ಚರಲ್ ಡಿಸಾರ್ಡರ್ ಮತ್ತು ಮೈಲ್ಡ್ ಅಟಿಪಿಯಾ, ಸ್ಪೆಷಲ್ ಸೈಟ್ ನೀವಸ್‌ಗೆ ಹೊಂದುತ್ತದೆ, ಮಾರ್ಜಿನ್ ಫ್ರೀ, ಕ್ಲಿನಿಕಲ್ ಕೋರಿಲೇಶನ್ ಸೂಚಿಸಲಾಗಿದೆ’ ಅಂತ ಇದೆ. ಅಟಿಪಿಯಾ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರೀ ಮೆಲನೋಮಾ ಕ್ಯಾನ್ಸರ್ ಬಗ್ಗೆಯೇ ಬರುತ್ತದೆ. ನಿದ್ದೆ ಬರುತ್ತಿಲ್ಲ. ಇನ್ನೊಂದು ಆಪರೇಷನ್ ಬೇಕಾ? ಮಚ್ಚೆಗೆ ಕತ್ತರಿ ತಾಗಿಸಿದ್ದೇ ತಪ್ಪಾಯಿತಾ? ನನ್ನ ತಮ್ಮನಿಗೆ ಕಿವಿಯ ತೂತಿನ ಒಳಗೇ ಒಂದು ಮಚ್ಚೆ ಇದೆ, ಅದನ್ನೂ ತೆಗೆಸಬೇಕಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ:

ಅಮ್ಮಾ, ನೀವು ಬರೆದು ಕಳಿಸಿದ ರಿಪೋರ್ಟ್ ಹೇಳುತ್ತಿರುವುದು ಇಷ್ಟು: ಇದು ಮಚ್ಚೆ, ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದಾಗಿದೆ. ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ, ಆಮೇಲೆ ಉಳಿದದ್ದನ್ನು ನಿಧಾನವಾಗಿ ಓದಿ.

ನಾನು ಚರ್ಮದ ಬಯಾಪ್ಸಿ ನೋಡುವ ಪ್ಯಾಥಾಲಜಿಸ್ಟ್. ನಿಮ್ಮ ಮಗಳ ರಿಪೋರ್ಟ್‌ನಲ್ಲಿರುವಂಥ ಸಾಲುಗಳನ್ನು ನಾನೂ ಬರೆಯುತ್ತೇನೆ. ಅವು ಡಾಕ್ಟರಿಂದ ಡಾಕ್ಟರಿಗೆ ಹೋಗುವ ಮಾತು. ಈಗ ರಿಪೋರ್ಟ್ ನೇರವಾಗಿ ಮನೆಯವರ ಮೊಬೈಲಿಗೆ ಬರುತ್ತದೆ. ಬಿಡಿಸಿ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಕ್ಕೆ ಮೆಲನೊಸೈಟ್ ಅಂತ ಹೆಸರು. ಮೇಲ್ಚರ್ಮದ ಅಡಿಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿಯಾಗಿ ಕೂತಿರುತ್ತದೆ. ಬಿಳಿ ಮೈಯವರಿಗೂ ಕಪ್ಪು ಮೈಯವರಿಗೂ ಇವುಗಳ ಲೆಕ್ಕ ಹೆಚ್ಚು ಕಡಿಮೆ ಒಂದೇ. ಎಷ್ಟು ಬಣ್ಣ ತಯಾರಿಸುತ್ತವೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಇದೇ ಜಾತಿಯ ಕೋಶಗಳು ಒಂಟಿತನ ಬಿಟ್ಟು ಒಂದು ಕಡೆ ಗುಂಪುಗುಂಪಾಗಿ ಸೇರಿಕೊಂಡರೆ ಅದು ಮಚ್ಚೆ. ನಮ್ಮ ಭಾಷೆಯಲ್ಲಿ ನೀವಸ್.

ಮಚ್ಚೆಗೂ ಒಂದು ಬದುಕು ಇದೆ. ಶುರುವಿನಲ್ಲಿ ಗುಂಪುಗಳು ಮೇಲ್ಚರ್ಮದ ಅಡಿಯಲ್ಲಷ್ಟೇ ಇರುತ್ತವೆ. ಮಚ್ಚೆ ಚಪ್ಪಟೆ, ಕಡುಕಂದು. ಆಮೇಲೆ ಒಂದಷ್ಟು ಕೋಶಗಳು ಒಳಚರ್ಮಕ್ಕೆ ಇಳಿಯುತ್ತವೆ, ಮಚ್ಚೆ ಸ್ವಲ್ಪ ಉಬ್ಬುತ್ತದೆ. ಮೇಲೂ ಇದೆ, ಕೆಳಗೂ ಇದೆ, ಅದಕ್ಕೇ ‘ಕಾಂಪೌಂಡ್’. ನಿಮ್ಮ ಮಗಳದ್ದು ಈ ಹಂತ. ವಯಸ್ಸಾಗುತ್ತಾ ಎಲ್ಲವೂ ಒಳಚರ್ಮಕ್ಕೆ ಇಳಿದರೆ ಬಣ್ಣ ಮಾಸುತ್ತದೆ, ಮೆತ್ತಗಿನ ಗುಂಡು ಉಬ್ಬು ಉಳಿಯುತ್ತದೆ. ಅಜ್ಜ ಅಜ್ಜಿಯರ ಮುಖದಲ್ಲಿ, ಕಿವಿಯ ಹತ್ತಿರ ಕಾಣುವ ಮೈಬಣ್ಣದ ಮಚ್ಚೆಗಳು ಹೀಗೆ ಆದವು.

ಈಗ ‘ಸ್ಪೆಷಲ್ ಸೈಟ್’. ನಿಮ್ಮ ರಿಪೋರ್ಟ್‌ನ ಜೀವ ಇರುವುದು ಈ ಎರಡು ಪದಗಳಲ್ಲಿ. ಮೈಯ ಕೆಲವು ಜಾಗಗಳ ಮಚ್ಚೆಗಳು ಬೇರೆ ಕಡೆಯ ಮಚ್ಚೆಗಳ ಹಾಗೆ ಶಿಸ್ತಾಗಿ ಇರುವುದಿಲ್ಲ. ಕಿವಿ, ನೆತ್ತಿ, ಸ್ತನ, ಹೊಕ್ಕುಳು, ಕಂಕುಳು, ತೊಡೆಸಂದು, ಜನನಾಂಗ, ಅಂಗೈ, ಅಂಗಾಲು. ಇಲ್ಲಿಯ ಮಚ್ಚೆಗಳು ಪೂರ್ತಿ ನಿರುಪದ್ರವಿಯಾಗಿದ್ದರೂ ಮೈಕ್ರೋಸ್ಕೋಪಿನ ಕೆಳಗೆ ಒರಟಾಗಿ, ಕೆಟ್ಟದ್ದೇನೋ ಅನ್ನುವ ಹಾಗೆ ಕಾಣಬಹುದು. ಕಿವಿಗೆ ಬಿಸಿಲು ಬೀಳುತ್ತದಲ್ವಾ, ಅದಕ್ಕೇ ಇರಬೇಕು ಅಂತ ಅನ್ನಿಸಬಹುದು. ಆದರೆ ಹೊಕ್ಕುಳಿಗೂ ತೊಡೆಸಂದಿಗೂ ಬಿಸಿಲು ಎಲ್ಲಿ ಬೀಳುತ್ತದೆ? ಬಿಸಿಲೊಂದೇ ಕಾರಣ ಆಗಲಾರದು. ಕಿವಿ ಮತ್ತು ಅದರ ಸುತ್ತಲಿನ ಮಚ್ಚೆಗಳನ್ನೇ ಆರಿಸಿ, ಕೂಡಿಹಾಕಿ ನೋಡಿದ ಎರಡು ಅಧ್ಯಯನಗಳು 2005ರಲ್ಲಿ ಅಮೆರಿಕದಿಂದ ಬಂದವು. ಈ ಒರಟುತನ ಕಿವಿಯ ಮಚ್ಚೆಯ ಸಹಜ ಗುಣ, ಇದನ್ನು ಮೆಲನೋಮಾ ಅಂತ ತಪ್ಪು ತಿಳಿಯಬೇಡಿ ಅಂತ ನಮ್ಮಂಥವರಿಗೆ ಎಚ್ಚರಿಸಿದವು.

ಹಾಗಾದರೆ ಒಳಗೆ ಏನು ಕಾಣುತ್ತದೆ? ಬನ್ನಿ, ಒಂದು ನಿಮಿಷ ನನ್ನ ಮೈಕ್ರೋಸ್ಕೋಪಿನ ಹತ್ತಿರ ಕೂರಿ.

ಕೆಡದ ಹಾಗೆ ಕಾಪಾಡುವ ಫಾರ್ಮಲಿನ್ ದ್ರವದ ಡಬ್ಬಿಯಲ್ಲಿ ಬಂದ ತುಣುಕಿನ ಅಂಚಿಗೆ ಮೊದಲು ಮಸಿ ಹಚ್ಚುತ್ತೇವೆ. ಆಮೇಲೆ ಅಡ್ಡಡ್ಡ ಹೋಳು ಮಾಡಿ, ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತೇವೆ. ತಲೆಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಣ್ಣ ಹಾಕಿದಾಗ ಮೇಲ್ಚರ್ಮ ನೇರಳೆ ಪಟ್ಟಿಯ ಹಾಗೆ, ಒಳಚರ್ಮ ಗುಲಾಬಿಯಾಗಿ ಕಾಣುತ್ತದೆ. ಪಟ್ಟಿಯ ಅಡಿಭಾಗ ನೇರ ಇರುವುದಿಲ್ಲ. ಬಾಚಣಿಗೆಯ ಹಲ್ಲುಗಳ ಹಾಗೆ ಕೆಳಗೆ ಚಾಚಿಕೊಂಡಿರುತ್ತದೆ. ಬೆನ್ನಿನ, ತೋಳಿನ ಸಾಧಾರಣ ಮಚ್ಚೆಯಲ್ಲಿ ಕೋಶಗಳ ಗುಂಪುಗಳು ಈ ಹಲ್ಲುಗಳ ತುದಿಯಲ್ಲಿ, ಹೆಚ್ಚು ಕಡಿಮೆ ಒಂದೇ ಗಾತ್ರದಲ್ಲಿ, ಅಚ್ಚುಕಟ್ಟಾಗಿ ತೂಗಿಕೊಂಡಿರುತ್ತವೆ. ಮಚ್ಚೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಬಹುದು.

ಕಿವಿಯ ಮಚ್ಚೆಯಲ್ಲಿ ಅನೇಕ ಸಲ ಹೀಗಿರುವುದಿಲ್ಲ. ಒಂದು ಗುಂಪು ಸಣ್ಣದು, ಪಕ್ಕದ್ದು ದೊಡ್ಡದು. ಕೆಲವು ಹಲ್ಲಿನ ತುದಿ ಬಿಟ್ಟು ಬದಿಗೆ ಅಂಟಿಕೊಂಡಿರುತ್ತವೆ. ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸೇತುವೆ ಕಟ್ಟಿದ ಹಾಗೆ ಜೋಡಿಸಿರುತ್ತವೆ. ಒಳಚರ್ಮದ ಭಾಗ ಮುಗಿದ ಮೇಲೂ ಮೇಲಿನ ಭಾಗ ಎರಡೂ ಬದಿಗೆ ಭುಜ ಚಾಚಿದ ಹಾಗೆ ಮುಂದುವರಿಯುತ್ತದೆ. ಅಂಚು ಪಟ್ಟನೆ ಮುಗಿಯುವುದಿಲ್ಲ, ಒಂಟಿ ಕೋಶಗಳಾಗಿ ಚದುರುತ್ತಾ ಹೋಗುತ್ತದೆ. ಒಂದೆರಡು ಕೋಶ ತನ್ನ ಜಾಗ ಬಿಟ್ಟು ಮೇಲ್ಪದರಕ್ಕೆ ಹತ್ತಿದ್ದೂ ಇರುತ್ತದೆ. ಇಷ್ಟನ್ನೂ ಸೇರಿಸಿ ‘ಆರ್ಕಿಟೆಕ್ಚರಲ್ ಡಿಸಾರ್ಡರ್’ ಅನ್ನುತ್ತೇವೆ. ಅಂದರೆ ಜೋಡಣೆ ನೇರ್ಪಾಗಿಲ್ಲ ಅಂತ ಅಷ್ಟೇ. ಕೋಶದ ಬೀಜ, ಅಂದರೆ ನ್ಯೂಕ್ಲಿಯಸ್, ಅಲ್ಲಲ್ಲಿ ಸ್ವಲ್ಪ ದೊಡ್ಡದಾಗಿ, ಅದರ ನಡುವಿನ ಚುಕ್ಕೆ ಎದ್ದು ಕಂಡರೆ ಅದು ‘ಮೈಲ್ಡ್ ಅಟಿಪಿಯಾ’. ಕೋಶದ ಚಹರೆ ಮಾಮೂಲಿಗಿಂತ ತುಸು ಬೇರೆ, ಅಷ್ಟೇ.

ಇನ್ನೊಂದು ವಿಷಯವನ್ನು ಹೊರಗಿನವರು ಊಹಿಸುವುದು ಕಷ್ಟ. ಕಿವಿಯಲ್ಲಿ ನೇರ ಮೇಲ್ಮೈ ಅನ್ನುವುದೇ ಇಲ್ಲ, ಎಲ್ಲ ಮಡಿಕೆ ಮತ್ತು ಬಾಗು. ತೆಗೆದ ಚೂರು ಡಬ್ಬಿಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಮೇಣದಲ್ಲಿ ಓರೆಯಾಗಿ ಕೂತರೆ ಹೆರೆಯುವಾಗ ಓರೆಯಾಗಿಯೇ ಕತ್ತರಿಸುತ್ತದೆ. ಆಗ ಸಾಧಾರಣ ಗುಂಪುಗಳೂ ಇಲ್ಲದ ಗಾತ್ರದಲ್ಲಿ, ಇಲ್ಲದ ಜಾಗದಲ್ಲಿ ಕಾಣುತ್ತವೆ. ಅದಕ್ಕೇ ಕಿವಿಯ ಮಚ್ಚೆಗೆ ನಾನು ಒಂದೇ ಕಟ್ ನೋಡಿ ಬರೆಯುವುದಿಲ್ಲ. ಇನ್ನೂ ಆಳದ ಕಟ್‌ಗಳನ್ನು ಕೇಳುತ್ತೇನೆ. ರಿಪೋರ್ಟ್ ಎರಡು ದಿನ ತಡವಾದರೆ ದಯವಿಟ್ಟು ಕೆಟ್ಟದ್ದನ್ನು ಊಹಿಸಿಕೊಳ್ಳಬೇಡಿ.

ಇಷ್ಟೆಲ್ಲ ಇದ್ದರೂ ಮೆಲನೋಮಾ ಅಲ್ಲ ಅಂತ ಹೇಳುವುದು ಹೇಗೆ? ನಾನು ಮೊದಲು ನೋಡುವುದು ತಳವನ್ನು. ಒಳ್ಳೆಯ ಮಚ್ಚೆಯ ಕೋಶಗಳು ಕೆಳಗೆ ಇಳಿಯುತ್ತಾ ಸಣ್ಣದಾಗುತ್ತವೆ. ಮೇಲೆ ಕಡಲೆಕಾಳು ಅಂದುಕೊಂಡರೆ ತಳದಲ್ಲಿ ರಾಗಿಕಾಳು. ದೊಡ್ಡ ಗುಂಪುಗಳು ಒಡೆದು ಸಣ್ಣ ಗುಂಪು, ಆಮೇಲೆ ಒಂಟಿ ಕೋಶ, ಬಣ್ಣವೂ ಮಾಯ. ಇದಕ್ಕೆ ಮಾಗುವುದು ಅನ್ನುತ್ತೇವೆ. ಕಿವಿಯ ಮಚ್ಚೆ ಮೇಲೆ ಎಷ್ಟೇ ಅಡ್ಡಾದಿಡ್ಡಿ ಇರಲಿ, ಕೆಳಗೆ ಸರಿಯಾಗಿ ಮಾಗಿರುತ್ತದೆ. ಮೆಲನೋಮಾ ಸಾಮಾನ್ಯವಾಗಿ ಹೀಗೆ ಮಾಗುವುದಿಲ್ಲ. ತಳದಲ್ಲೂ ಅದೇ ದೊಡ್ಡ ಕೋಶಗಳು, ಆಳದಲ್ಲೂ ಒಡೆದು ಎರಡಾಗುತ್ತಿರುವ ಕೋಶಗಳು. ಎಡಬದಿಗೂ ಬಲಬದಿಗೂ ಹೋಲಿಕೆ ಇರುವುದಿಲ್ಲ. ಮೇಲಕ್ಕೆ ಹತ್ತುವ ಕೋಶಗಳು ನಡುವೆ ಒಂದೆರಡು ಇದ್ದು ಸುಮ್ಮನಾಗುವುದಿಲ್ಲ, ಅಂಚಿನವರೆಗೂ ಹರಡಿರುತ್ತವೆ. ಅನುಮಾನ ಉಳಿದರೆ ಎಚ್‌ಎಂಬಿ-45, ಕೆಐ-67 ಅನ್ನುವ ವಿಶೇಷ ಬಣ್ಣಗಳ ಪರೀಕ್ಷೆ ಮಾಡಿಸುತ್ತೇವೆ. ಒಳ್ಳೆಯ ಮಚ್ಚೆಯಲ್ಲಿ ಸಾಮಾನ್ಯವಾಗಿ ಮೊದಲನೆಯದು ಮೇಲ್ಭಾಗದಲ್ಲಿ ಗಾಢವಾಗಿ ಹಿಡಿದು ಕೆಳಗೆ ಮಾಸುತ್ತದೆ. ಎರಡನೆಯದು ಬೆಳೆಯುತ್ತಿರುವ ಕೋಶಗಳನ್ನು ತೋರಿಸುವಂಥದ್ದು, ಅದು ಬೆರಳೆಣಿಕೆಯಷ್ಟು ಕೋಶಗಳಲ್ಲಿ ಮಾತ್ರ ಕಾಣುತ್ತದೆ.

ಒಂದು ಪ್ರಸಂಗ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಕ್ಲಿನಿಕ್‌ನಿಂದ ಸಣ್ಣ ಚೂರು ಬಂತು. ಫಾರ್ಮ್‌ನಲ್ಲಿ ‘ಚರ್ಮ, ಮಚ್ಚೆ ಇರಬಹುದು’ ಅಂತ ಬಿಟ್ಟರೆ ಬೇರೆ ಒಂದಕ್ಷರ ಇರಲಿಲ್ಲ. ಸ್ಲೈಡ್ ನೋಡಿದೆ. ಸೇತುವೆ, ಭುಜ, ಮೇಲಕ್ಕೆ ಹತ್ತಿದ ಕೋಶ, ಎಲ್ಲ ಇತ್ತು. ಮಚ್ಚೆ ಬೆನ್ನಿನದ್ದಾಗಿದ್ದರೆ ಇನ್ನಷ್ಟು ತೆಗೆಯಿರಿ ಅಂತ ಬರೆಯಬೇಕಾಗುತ್ತಿತ್ತೋ ಏನೋ. ಒಂದು ಇಡೀ ಮಧ್ಯಾಹ್ನ ಆ ಸ್ಲೈಡನ್ನು ಮತ್ತೆ ಮತ್ತೆ ಇಟ್ಟು ನೋಡಿದೆ. ಸುತ್ತ ಎಳೆಕೂದಲಿನ ಬುಡಗಳು ತುಂಬಾ ಇದ್ದವು, ಚರ್ಮ ತೆಳ್ಳಗಿತ್ತು. ಸಂಜೆ ಫೋನ್ ಮಾಡಿ ಎಲ್ಲಿಂದ ತೆಗೆದದ್ದು ಅಂತ ಕೇಳಿದೆ. ‘ಕಿವಿ ಹಿಂದುಗಡೆ ಮಡಿಕೆ, ಕಾಲೇಜ್ ಹುಡುಗ’ ಅಂದರು. ಒಂದೇ ಮಾತಿನಲ್ಲಿ ಚಿತ್ರ ಬದಲಾಯಿತು. ತಳ ಚೆನ್ನಾಗಿ ಮಾಗಿತ್ತು, ವಯಸ್ಸು ಚಿಕ್ಕದು, ಜಾಗ ಕಿವಿ. ನೆಮ್ಮದಿಯಿಂದ ರಿಪೋರ್ಟ್ ಬರೆದೆ. ಆವತ್ತಿನಿಂದ ಜಾಗ ಬರೆಯದೆ ಬಂದ ಮಚ್ಚೆಗೆ ಫೋನ್ ಮಾಡದೆ ರಿಪೋರ್ಟ್ ಕೊಡುವುದಿಲ್ಲ. ಮಚ್ಚೆ ತೆಗೆಸುವವರೂ ಡಾಕ್ಟರನ್ನು ಕೇಳಿ: ಜಾಗ, ವಯಸ್ಸು, ಎಷ್ಟು ವರ್ಷದಿಂದ ಇದೆ, ಮೊದಲು ಸುಟ್ಟಿದ್ದರಾ ಅನ್ನುವುದನ್ನು ಫಾರ್ಮ್‌ನಲ್ಲಿ ಬರೆದಿದ್ದೀರಾ ಅಂತ. ಕೇಳುವುದರಲ್ಲಿ ಸಂಕೋಚ ಬೇಡ.

‘ಕ್ಲಿನಿಕಲ್ ಕೋರಿಲೇಶನ್’ ಅನ್ನುವುದೂ ಇದೇ ಮಾತು. ನಾನು ಗಾಜಿನ ಮೇಲೆ ಕಂಡದ್ದು, ನೀವು ಮೈಮೇಲೆ ಕಂಡದ್ದು ಎರಡೂ ತಾಳೆಯಾಗುತ್ತದಾ ನೋಡಿ ಅಂತ ಚರ್ಮದ ಡಾಕ್ಟರಿಗೆ ಹೇಳುವುದು. ನಿಮ್ಮ ಮಗಳ ಮಚ್ಚೆ ಬಾಲ್ಯದಲ್ಲಿ ಬಂದದ್ದು, ಮೆಂತ್ಯಕಾಳಿನಷ್ಟು, ಅಂದರೆ ನಾಲ್ಕೈದು ಮಿಲಿಮೀಟರ್. ಒಂದೇ ಬಣ್ಣ ಇತ್ತು, ವರ್ಷಗಟ್ಟಲೆ ಬದಲಾಗಿರಲಿಲ್ಲ ಅನ್ನುವುದಾದರೆ ಚೆನ್ನಾಗಿ ತಾಳೆಯಾಗುತ್ತದೆ. ಕಿವಿಯ ಮಚ್ಚೆಯ ವಿಶೇಷವೇ ಇದು: ಹೊರಗೆ ನೋಡಿದರೆ ಸಾಧು, ಒಳಗೆ ನೋಡಿದರೆ ಒರಟು.

ಇನ್ನು ಕಿವಿಯ ಮೇಲೆ ಕಪ್ಪಗೆ ಕಂಡದ್ದೆಲ್ಲ ಮಚ್ಚೆಯಲ್ಲ. ಕಿವಿಯ ಬಟ್ಟಲಿನ ಒಳಗೆ ಚರ್ಮದ ಎಣ್ಣೆ, ಸತ್ತ ಕೋಶಗಳು ಗಟ್ಟಿಯಾಗಿ ದೊಡ್ಡ ಬ್ಲ್ಯಾಕ್‌ಹೆಡ್ ಆಗಿರುತ್ತದೆ. ವಯಸ್ಸಾದವರಲ್ಲಿ ಮೇಣ ಅಂಟಿಸಿದಂಥ ಒರಟು ಕಂದು ಗಂಟು ಬರುತ್ತದೆ, ಅದೂ ನಿರುಪದ್ರವಿ. ಅಂಚಿನಲ್ಲಿ ನೀಲಿ ಮೆತ್ತನೆಯ ಗುಳ್ಳೆ, ಒತ್ತಿದರೆ ಬಣ್ಣ ಹೋದರೆ, ಅದು ಹಿಗ್ಗಿದ ರಕ್ತನಾಳ. ಆ ಬದಿಗೆ ಮಲಗಿದರೆ ಚುಚ್ಚುವ ಹಾಗೆ ನೋಯುವ ಗಟ್ಟಿ ಗಂಟು ಇದ್ದರೆ ಕಿವಿಗೆ ಆಕಾರ ಕೊಡುವ ಮೆದು ಎಲುಬು, ಅಂದರೆ ಕಾರ್ಟಿಲೇಜ್, ಒತ್ತಡಕ್ಕೆ ಉರಿಯೂತಗೊಂಡಿರುತ್ತದೆ. ಚುಚ್ಚಿಸಿದ ಜಾಗದಲ್ಲಿ ಉಬ್ಬಿ ಬೆಳೆಯುವುದು ಕೀಲಾಯ್ಡ್. ಇವುಗಳ ನಡುವೆ ನಿಜಕ್ಕೂ ಗಮನ ಕೊಡಬೇಕಾದದ್ದು ಬೇಸಲ್ ಸೆಲ್ ಅನ್ನುವ ಚರ್ಮದ ಕ್ಯಾನ್ಸರ್. ನಮ್ಮ ಮೈಬಣ್ಣದವರಲ್ಲಿ ಅದು ಅನೇಕ ಸಲ ಹೊಳೆಯುವ ಕಪ್ಪು ಗಂಟಾಗಿಯೇ ಬರುತ್ತದೆ, ‘ಹಳೇ ಮಚ್ಚೆ’ ಅಂತ ಬಿಟ್ಟುಬಿಡುತ್ತಾರೆ. ನಿಧಾನವಾಗಿ ಬೆಳೆಯುತ್ತದೆ, ನಡುವೆ ಹುಣ್ಣಾಗುತ್ತದೆ, ಒಣಗಿದ ಹಾಗಾಗಿ ಮತ್ತೆ ರಕ್ತ ಬರುತ್ತದೆ. ಐವತ್ತು ದಾಟಿದವರ ಕಿವಿಯಲ್ಲಿ ಹೀಗೆ ಕಂಡರೆ ತಡ ಮಾಡಬೇಡಿ.

ಕಿವಿಯಲ್ಲಿ ಮೆಲನೋಮಾ ಬರುವುದೇ ಇಲ್ಲವಾ? ಬರುತ್ತದೆ. ಬಂದರೆ ಜಾಸ್ತಿ ಗಂಡಸರಿಗೆ, ಜಾಸ್ತಿ ಮೇಲಂಚಿನಲ್ಲಿ, ಅದೂ ಮುಖ್ಯವಾಗಿ ಬಿಳಿ ಮೈಯವರಿಗೆ. ಭಾರತದಲ್ಲಿ ಮೆಲನೋಮಾ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಿಗೆ ಬರುವ ಕಾಯಿಲೆ. ನಮ್ಮಲ್ಲಿ ಬಂದಾಗ ಅಂಗಾಲು, ಉಗುರಿನ ಬುಡ, ಬಾಯಿಯ ಒಳಗೆ, ಇಂಥ ಜಾಗಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಆಸ್ಟ್ರೇಲಿಯಾ, ಅಮೆರಿಕದವರಿಗಾಗಿ ಬರೆದದ್ದನ್ನು ಓದಿ ನಾವು ಕಿವಿ ನೋಡಿಕೊಂಡು ಹೆದರುತ್ತೇವೆ, ಅಂಗಾಲನ್ನು ನೋಡಿಕೊಳ್ಳುವುದೇ ಇಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ. ದಯವಿಟ್ಟು ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ನೋಡಿ.

ಮಚ್ಚೆಯನ್ನು ಗಮನಿಸಲು 1985ರಲ್ಲಿ ನ್ಯೂಯಾರ್ಕ್‌ನ ಡಾಕ್ಟರುಗಳು ಎ-ಬಿ-ಸಿ-ಡಿ ಅನ್ನುವ ಸುಲಭದ ಲೆಕ್ಕ ಕೊಟ್ಟರು. ಅರ್ಧಕ್ಕೆ ಅರ್ಧ ಹೋಲದ ಆಕಾರ, ಹರಕು ಅಂಚು, ಹಲವು ಬಣ್ಣ, ಆರು ಮಿಲಿಮೀಟರಿಗಿಂತ ದೊಡ್ಡ ಗಾತ್ರ. 2004ರಲ್ಲಿ ಐದನೆಯದಾಗಿ ‘ಇ’ ಸೇರಿತು, ಅಂದರೆ ಬದಲಾವಣೆ. ನನ್ನ ಮಟ್ಟಿಗೆ ಐದನೆಯದೇ ದೊಡ್ಡದು. ಕೆಲವು ತಿಂಗಳಲ್ಲಿ ಬೆಳೆದರೆ, ಬಣ್ಣ ಬದಲಾದರೆ, ತಾನಾಗಿ ರಕ್ತ ಬಂದರೆ, ನಲವತ್ತು ದಾಟಿದ ಮೇಲೆ ಹೊಸದಾಗಿ ಬಂದು ಬೆಳೆಯುತ್ತಿದ್ದರೆ ತೋರಿಸಿ. ಮಚ್ಚೆಯಲ್ಲಿ ಕೂದಲು ಬೆಳೆದರೆ ಅದು ಅಪಾಯದ ಗುರುತಲ್ಲ.

ಕತ್ತರಿ ತಾಗಿಸಿದರೆ ಮಚ್ಚೆ ಕ್ಯಾನ್ಸರ್ ಆಗುತ್ತದೆ ಅನ್ನುವ ಮಾತು ನಮ್ಮ ಕಡೆ ಬಲವಾಗಿದೆ. ಅದು ನಿಜವಲ್ಲ. ಮೊದಲೇ ಕ್ಯಾನ್ಸರ್ ಆಗಿದ್ದನ್ನು ಅರ್ಧಂಬರ್ಧ ತೆಗೆದು, ಪರೀಕ್ಷೆ ಮಾಡಿಸದೆ, ಆಮೇಲೆ ಅದು ಬೆಳೆದಾಗ ಈ ಮಾತು ಹುಟ್ಟಿರಬೇಕು. ನಿಮ್ಮ ಡಾಕ್ಟರು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ. ಅವರು ಮಾಡಿದ್ದು ಸರಿಯಾದ ಕೆಲಸ.

ತಪ್ಪು ನಡೆಯುವುದು ಬೇರೆ ಕಡೆ. ಮಚ್ಚೆಗೆ, ನರುಲಿಗೆ ಸುಣ್ಣ ಸೋಡಾ ಹಚ್ಚಿ ಸುಡುತ್ತಾರೆ. ಕಿವಿಯಲ್ಲಿ ಇದು ತುಂಬಾ ಅಪಾಯ. ಕಿವಿಯ ಮುಂಬದಿಯ ಚರ್ಮ ಕಾರ್ಟಿಲೇಜ್‌ಗೆ ಹೆಚ್ಚು ಕಡಿಮೆ ಅಂಟಿಕೊಂಡೇ ಇರುತ್ತದೆ, ನಡುವೆ ಕೊಬ್ಬಿಲ್ಲ. ಕಾರ್ಟಿಲೇಜ್‌ಗೆ ತನ್ನದೇ ರಕ್ತನಾಳ ಇಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಆಹಾರ. ಸುಟ್ಟದ್ದು ಪೊರೆಗೆ ತಲುಪಿ ಕೀವಾದರೆ ಕಿವಿಯ ಆಕಾರವೇ ಮುದುಡಿಹೋಗುತ್ತದೆ. ಬ್ಯೂಟಿ ಪಾರ್ಲರ್‌ನಲ್ಲಿ ಲೇಸರ್, ಕಾಟರಿ (ಕರೆಂಟಿನ ಬಿಸಿಯಿಂದ ಸುಡುವುದು) ಮಾಡಿಸುವವರೂ ಇದ್ದಾರೆ. ಅಲ್ಲಿ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಮೇಲಿನದು ಸುಟ್ಟು ಕೆಳಗಿನದು ಉಳಿದರೆ ಕೆಲವು ತಿಂಗಳಲ್ಲಿ ಗಾಯದ ಕಲೆಯ ಮೇಲೆ ಮಚ್ಚೆ ಮತ್ತೆ ಚಿಗುರುತ್ತದೆ, ಅಡ್ಡಾದಿಡ್ಡಿ ಆಕಾರದಲ್ಲಿ. ಆಗ ಬಯಾಪ್ಸಿ ಮಾಡಿದರೆ ಮೆಲನೋಮಾದ ಹಾಗೆಯೇ ಕಾಣಬಹುದು. ಇದಕ್ಕೆ 1975ರಲ್ಲೇ ‘ಸೂಡೊಮೆಲನೋಮಾ’, ಅಂದರೆ ಹುಸಿ ಮೆಲನೋಮಾ, ಅಂತ ಹೆಸರಿಟ್ಟಿದ್ದಾರೆ. ಮೊದಲೇ ಒರಟಾಗಿರುವ ಕಿವಿಯ ಮಚ್ಚೆಗೆ ಇದೂ ಸೇರಿದರೆ ನಮ್ಮ ಕೆಲಸ ಎಷ್ಟು ಕಷ್ಟ ಯೋಚಿಸಿ. ಉಬ್ಬಿದ ಮೈಬಣ್ಣದ ಮಚ್ಚೆಯನ್ನು ಡಾಕ್ಟರು ಮೇಲಿಂದ ಹೆರೆದು ತೆಗೆದರೂ ಪರವಾಗಿಲ್ಲ. ಆದರೆ ಕಪ್ಪು, ಚಪ್ಪಟೆ, ಅನುಮಾನ ಬರುವಂಥದ್ದನ್ನು ತಳ ಸಮೇತ ತೆಗೆಯಬೇಕು. ತಳ ಇಲ್ಲದಿದ್ದರೆ ಅದು ಮಾಗಿದೆಯಾ ಅಂತ ನಾನು ಹೇಗೆ ನೋಡಲಿ?

ನಿಮ್ಮ ತಮ್ಮನ ಕಿವಿಯ ತೂತಿನ ಮಚ್ಚೆಗೆ ಇಎನ್‌ಟಿ ಡಾಕ್ಟರನ್ನು ನೋಡಿ. ಅಲ್ಲಿಯವು ಹೆಚ್ಚಾಗಿ ಒಳಚರ್ಮಕ್ಕೆ ಇಳಿದ, ಗುಂಡಗಿನ, ಒಳ್ಳೆಯ ಮಚ್ಚೆಗಳು. ದಾರಿ ಕಟ್ಟಿ ಗುಗ್ಗೆ ನಿಂತರೆ, ಕೇಳಿಸುವುದು ಕಡಿಮೆಯಾದರೆ, ಬೆಳೆಯುತ್ತಿದ್ದರೆ ತೆಗೆಯುತ್ತಾರೆ. ಹಾಗೇನೂ ಇಲ್ಲದಿದ್ದರೆ ನೋಡಿಕೊಂಡಿದ್ದರೆ ಸಾಕು. ಪಿನ್ನು, ಕಡ್ಡಿ ಹಾಕಿ ಕೆರೆಯಬಾರದು.

ಮಗಳ ವಿಷಯಕ್ಕೆ ಬರೋಣ. ‘ಮಾರ್ಜಿನ್ ಫ್ರೀ’ ಅಂದರೆ ನಾವು ಮಸಿ ಹಚ್ಚಿದ ಅಂಚಿನವರೆಗೆ ಮಚ್ಚೆ ಬಂದಿಲ್ಲ, ಪೂರ್ತಿ ಹೊರಗೆ ಬಂದಿದೆ ಅಂತ. ಮೈಲ್ಡ್ ಅಟಿಪಿಯಾಕ್ಕೆ, ಅದೂ ಸ್ಪೆಷಲ್ ಸೈಟ್ ಅಂತ ಬರೆದಿರುವಾಗ, ಇನ್ನೊಂದು ಆಪರೇಷನ್ ಬೇಕಿಲ್ಲ. ಸ್ಕ್ಯಾನ್ ಬೇಡ, ರಕ್ತಪರೀಕ್ಷೆ ಬೇಡ. ಚರ್ಮದ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಒಮ್ಮೆ ಮೈಮೇಲಿನ ಉಳಿದ ಮಚ್ಚೆಗಳನ್ನೂ ನೋಡಿಬಿಡಲಿ. ಆಮೇಲೆ ಕಲೆಯ ಮೇಲೆ ಕಪ್ಪು ಮತ್ತೆ ಕಂಡರೆ ಮಾತ್ರ ತೋರಿಸಬೇಕು. ಆಗ ಈ ರಿಪೋರ್ಟ್ ಕೈಯಲ್ಲಿ ಇರಲಿ. ಮನಸ್ಸಿಗೆ ಸಮಾಧಾನ ಆಗದಿದ್ದರೆ ಲ್ಯಾಬ್‌ನಲ್ಲಿ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆದು, ಚರ್ಮದ ಬಯಾಪ್ಸಿಯಲ್ಲೇ ಪಳಗಿದ ಇನ್ನೊಬ್ಬರಿಗೆ ತೋರಿಸಬಹುದು. ಕೇಳುವ ಹಕ್ಕು ನಿಮಗಿದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬುಗುಡಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಹೊಸ ಗಾಯದ ಕಲೆಯ ಮೇಲೆ, ಅದೂ ಕಾರ್ಟಿಲೇಜ್ ತೂರಿ, ನಾಲ್ಕು ತಿಂಗಳೊಳಗೆ ಚುಚ್ಚಿಸಬೇಡಿ. ಮೇಲಂಚಿನ ತೂತು ಒಣಗಲು ಹಾಲೆಯ ತೂತಿಗಿಂತ ಬಹಳ ಸಮಯ ಬೇಕು. ಕೀವಾದರೆ, ಕೀಲಾಯ್ಡ್ ಬೆಳೆದರೆ ಮದುವೆಯ ಹೊತ್ತಿಗೆ ಕಿವಿ ಮುಟ್ಟಿಸಿಕೊಳ್ಳುವ ಹಾಗಿರುವುದಿಲ್ಲ. ಅಜ್ಜಿಯ ಬುಗುಡಿಯನ್ನು ನಂಬಿಕೆಯ ಅಕ್ಕಸಾಲಿಗರ ಹತ್ತಿರ ತೆಗೆದುಕೊಂಡು ಹೋಗಿ, ಹಿಂದಿನ ತಿರುಪು ಬಿಚ್ಚಿ ಒತ್ತಿ ಕೂರಿಸುವ ಕ್ಲಿಪ್ ಹಾಕಿಕೊಡುತ್ತಾರಾ ಕೇಳಿ. ತಿರುಪನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಚುಚ್ಚಿಸಿದಾಗ ಮತ್ತೆ ಹಾಕಿಸಬಹುದು.